ಗೋಲ್‌ಕೀಪರನ ಮಂಡಿ

"ಒಂದು ವರ್ಷ ಆಡುವಂತಿಲ್ಲ" ಎಂದು ಓದಿ ಮುಗಿಸಿ ಲೀಗಿನ ಅಧ್ಯಕ್ಷರು ಕನ್ನಡಕ ತೆಗೆದರು. ಗೋಲ್‌ಕೀಪರ್ ದಡಕ್ಕನೆ ಎದ್ದ. ಬಲಮಂಡಿ ಕೈಕೊಟ್ಟಿತು; ಮೇಜು ಹಿಡಿದುಕೊಂಡ.

"ಸಾರ್, ಅಮಲಿಗಲ್ಲ ಸಾರ್. ಅಕ್ಕನ ಆಪರೇಷನ್‌ಗೆ ಕೊಟ್ಟಿದ್ದ ನೋವಿನ ಮಾತ್ರೆ ಅದು. ಮಂಡಿ ನೋವಿಗೆ ನಿದ್ದೇನೇ ಬರ್ತಿರ್ಲಿಲ್ಲ, ಒಂದೇ ಒಂದು ನುಂಗ್ದೆ." ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಂದಿನಿಂದ ಇದನ್ನೇ ಹೇಳಿ ಹೇಳಿ ಅವನ ಬಾಯಿ ಒಣಗಿತ್ತು. ಗೋಡೆಯಾದರೂ ಕರಗುತ್ತಿತ್ತೇನೋ. ಪಕ್ಕದ ಕುರ್ಚಿಯಲ್ಲಿ ತಂಡದ ಡಾಕ್ಟರು ತಲೆ ತಗ್ಗಿಸಿ ಕೂತಿದ್ದರು. ಸೀಸನ್ ಪೂರ್ತಿ, ಪ್ರತಿ ಪಂದ್ಯಕ್ಕೂ ಮುಂಚೆ ಇದೇ ಮಂಡಿ ಮರಗಟ್ಟುವಂತೆ ಇಂಜೆಕ್ಷನ್ ಚುಚ್ಚಿ, "ಹೋಗು ರಾಜಾ, ಹಾರು" ಎಂದು ಬೆನ್ನು ತಟ್ಟಿ ಕಳಿಸಿದವರು ಅವರೇ. ಆ ಇಂಜೆಕ್ಷನ್ನಿಗೆ ಲೀಗಿನ ಒಪ್ಪಿಗೆ ಇತ್ತು.

"ನಿಯಮ ಅಂದ್ರೆ ನಿಯಮ ಕಣಪ್ಪಾ. ನಮ್ ಲೀಗಲ್ಲಿ ಡ್ರಗ್ಸ್‌ಗೆ ಜಾಗ ಇಲ್ಲ" ಎನ್ನುತ್ತಾ ಅಧ್ಯಕ್ಷರು ಕಿಟಕಿಯ ಪರದೆ ಸರಿಸಿ, ಕೆಳಗೆ ಕ್ಯಾಮೆರಾ ಹಿಡಿದು ಕಾಯುತ್ತಿದ್ದವರನ್ನು ನೋಡಿದರು. ಆಮೇಲೆ ಬಾಗಿಲಿನತ್ತ ಕುಂಟುತ್ತಿದ್ದವನನ್ನು ನೋಡಿ ಮುಖ ಸಿಂಡರಿಸಿದರು. "ಹಿಂಗೆ ಕುಂಟ್ಕೊಂಡು ಹೊರಗೆ ಹೋದ್ರೆ ಲೀಗಿನ ಮಾನ ಏನಾಗ್ಬೇಕು? ಡಾಕ್ಟ್ರೇ, ಒಂದು ಚುಚ್ಚಿ ಕಳ್ಸಿ."

ಡಾಕ್ಟರು ಚೀಲದ ಜಿಪ್ ಎಳೆದರು. ಅಷ್ಟರಲ್ಲೇ ಗೋಲ್‌ಕೀಪರನ ಕೈ, ಅಭ್ಯಾಸಬಲದಿಂದ, ಪ್ಯಾಂಟಿನ ಅಂಚನ್ನು ಮಡಚತೊಡಗಿತ್ತು. ಮಂಡಿಯವರೆಗೆ ಬಂದಾಗ ಅದು ನಿಂತಿತು. ಅವನು ಡಾಕ್ಟರ ಮುಖ ನೋಡಿದ, ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದ. ನಂತರ ಬಾಗಿಲು ತೆರೆದು, ನೋವಿದ್ದುದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಕುಂಟುತ್ತಾ, ಕ್ಯಾಮೆರಾಗಳ ಕಡೆಗೆ ಮೆಟ್ಟಿಲಿಳಿದ.