ಕೊಬ್ಬರಿಗೆ ತೊಡಿಸಿದ ಕುಲಾವಿ

ಮಗಳ ಬಾಣಂತನದ ಅಂಟಿನ ಉಂಡೆಗೆಂದು ಒಣಕೊಬ್ಬರಿ ತುರಿಯುತ್ತಿದ್ದೇನೆ. ಆ ವಾಸನೆಗೆ ಹುಕ್ಕೇರಿ ಸಂತೆಯ ಒಂದು ಮಧ್ಯಾಹ್ನ ಕಣ್ಣೆದುರು ಬಂದು ನಿಲ್ಲುತ್ತದೆ.

ಅವ್ವನಿಗೆ ದಿನ ತುಂಬಿದ್ದವು. ಅವಳ ತಾಯಿ, ಅಂದರೆ ನಮ್ಮ ಆಯಿ ಸಂತೆಯಲ್ಲಿ ಅಂಟು, ಅಳವಿ ಬೀಜ, ಉತ್ತತ್ತಿ, ಇಡಿಯ ಕೊಬ್ಬರಿಗಳನ್ನು ಆರಿಸಿ ಚೀಲಕ್ಕೆ ತುಂಬಿದಳು. ಎಲ್ಲವೂ ಬಾಣಂತಿಗೆ, ಕೂಸಿಗೆ ಒಂದು ನೂಲೂ ಇಲ್ಲ. ಹಿಂದಿನ ಸಲ ಮೊದಲೇ ತಂದಿದ್ದ ಅಂಗಿಗಳು ಯಾರೂ ತೊಡದೆ ಟ್ರಂಕಿನಲ್ಲೇ ಉಳಿದಿದ್ದವು.

ಅರಿವೆ ಅಂಗಡಿಯ ಮುಂದೆ ಅವ್ವ ನಿಂತುಬಿಟ್ಟಳು. ಕೆಂಪು ಖಣದ ಪುಟ್ಟ ಕುಲಾವಿಯೊಂದರ ಅಂಚನ್ನು ಬೆರಳಿನಿಂದ ಸವರತೊಡಗಿದಳು.

"ಕೂಸು ಹುಟ್ಟೂ ಮೊದಲ ಕುಲಾವಿ ಬ್ಯಾಡವಾ, ನಡಿ" ಎಂದಳು ಆಯಿ.

ಅವ್ವ ಕುಲಾವಿಯನ್ನು ಬಿಡಲಿಲ್ಲ.

ಆಯಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಚೀಲದಿಂದ ಎಲ್ಲಕ್ಕಿಂತ ದೊಡ್ಡ ಕೊಬ್ಬರಿ ತೆಗೆದು, ಅದಕ್ಕೆ ಕುಲಾವಿ ತೊಡಿಸಿ, ದಾರ ಕಟ್ಟಿದಳು.

"ಯಾರಿಗ್ರೀ ಆಯಿ ಇದು?" ಅಂಗಡಿಯವನು ನಕ್ಕ.

"ಕೊಬ್ಬರಿಗಿ. ಥಂಡಿ ಹತ್ತೈತಿ ಅದಕ್ಕ. ಕೂಸಿಗಿ ಅಂತ ಯಾರ ಅಂದ್ರು?"

ಅಡುಗೆಮನೆಯ ಮಾಡದಲ್ಲಿ ಆ ಕೊಬ್ಬರಿ ಕುಲಾವಿ ತೊಟ್ಟು ಕೂತಿತು. ನಾನು ಮುಟ್ಟಲು ಹೋದರೆ ಆಯಿ, "ಮಲಗೇತಿ, ಎಬ್ಬಿಸಬ್ಯಾಡ" ಎನ್ನುತ್ತಿದ್ದಳು.

ಒಳಕೋಣೆಯಲ್ಲಿ ತಮ್ಮ ಹುಟ್ಟಿ ಅತ್ತದ್ದು ಕೇಳಿದ್ದೇ, ಆಯಿ ಕುಲಾವಿ ಬಿಚ್ಚಿಕೊಂಡಳು. ಬರಿದಲೆಯ ಕೊಬ್ಬರಿಯನ್ನು ನನ್ನ ಕೈಗಿಟ್ಟು, "ತುರಿ ಇನ್ನ" ಎಂದಳು.