ಮಂಜಿನ ಮರೆಯ ಏಟು

"ನಮ್ಮ ಕಳ್ಳ ಮಂಜಲ್ಲಿ ನಿಂತವ್ನೆ ಕಣ್ಲಾ. ರಾಕ್ಷಸನ ಕಣ್ಣಿಗೆ ಬೀಳಲ್ಲ. ಹಿಂದಿನಿಂದ ಇರೀಬಹುದು, ಮರೆಯ ಏಟು ಎರಡರಷ್ಟು ಬೀಳ್ತದೆ," ಎಂದ ಸುಬ್ಬರಾಮ.

"ಕಣ್ಣಿಗೆ ಬೀಳದೇ ಇರೋದು ಬೇರೆ, ಬಂದವ್ನೆ ಅಂತ ಗೊತ್ತಿಲ್ದೇ ಇರೋದು ಬೇರೆ," ಎಂದ ಗುಂಡಣ್ಣ. "ಆಟದ ಪುಸ್ತಕದಲ್ಲಿ ಎರಡನ್ನೂ ಬೇರೆ ಬೇರೆ ಬರ್ದವ್ರೆ."

ದನಿ ಜೋರಾಗಿಯೇ ಇರಬೇಕಿತ್ತು. ಮತ್ತಿಗಿರಿಯ ಆ ಮನೆಯ ಪಡಸಾಲೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಇದೇ ಜಗಳ. ಇವತ್ತು ಜಗಳವಾಗದಿದ್ದರೆ, ಕೂದಲು ಆರಲು ಬಿಟ್ಟುಕೊಂಡು ಬಾಗಿಲಿಗೆ ಒರಗಿ ಕೂತಿದ್ದ ಸುಬ್ಬರಾಮನ ತಾಯಿ ಅಶ್ವತ್ಥಮ್ಮನವರಿಗೆ ಅನುಮಾನ ಬಂದೇ ಬರುತ್ತಿತ್ತು.

ಹಿಂದಿನ ಸಂಜೆ ಸುಬ್ಬರಾಮನ ಫ್ಯಾಕ್ಟರಿ ಆಫೀಸಿಗೆ ದುಬೈನಿಂದ ತಂತಿ ಬಂದಿತ್ತು. ಅವನ ತಮ್ಮ ನಾರಾಯಣಪ್ಪ, ಮನೆಯವರ ಬಾಯಲ್ಲಿ ನಾಣಿ, ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡಿದ್ದ. ದೇಹ ಊರಿಗೆ ಬರಲು ವಾರವಾದರೂ ಬೇಕು. ಅಮ್ಮನಿಗೆ ಮೊದಲೇ ಹೃದಯದ ಕಾಯಿಲೆ. ದೊಡ್ಡ ಆಘಾತವಾದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅದಕ್ಕೇ ಗೆಳೆಯರಿಬ್ಬರೂ ಒಂದು ತೀರ್ಮಾನಕ್ಕೆ ಬಂದಿದ್ದರು. ನಾಳೆ ಕೃಷ್ಣಗಿರಿಯಿಂದ ಸೋದರಮಾವ ಬರಲಿ, ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳೋಣ. ಇವತ್ತು ಎಂದಿನಂತೆ ಆಟ.

ಆಟ ಕೂಡ ನಾಣಿಯದೇ. ಹೋದ ವರ್ಷ ರಜೆಗೆ ಬಂದಾಗ, ಜೊತೆಗೆ ಕೆಲಸ ಮಾಡುವ ಇಂಗ್ಲೆಂಡಿನವನೊಬ್ಬ ಕೊಟ್ಟನೆಂದು ನಿಯಮದ ಪುಸ್ತಕ, ಇಪ್ಪತ್ತು ಮುಖದ ದಾಳ ತಂದಿದ್ದ. ಒಬ್ಬ ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಜನರಾಗಬೇಕು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಗುಂಡಣ್ಣನೇ ಕಥೆಗಾರ, ಅವನೇ ನ್ಯಾಯಾಧೀಶ. ನಾಣಿ ಕಳ್ಳನಾದ. ಅವನು ದುಬೈಗೆ ಮರಳಿದ ಮೇಲೆ ಆ ಕಳ್ಳನನ್ನು ಅಣ್ಣನೇ ಆಡಿಸುತ್ತಿದ್ದ. ಅಮ್ಮನಿಗೆ ಮಾತ್ರ ಆ ಕಳ್ಳ ನಾಣಿಯೇ. ರಾಕ್ಷಸನ ಗುಹೆಯ ಬಾಗಿಲಲ್ಲೂ, ಮಗು ಊಟ ಮಾಡಿದನೇನೋ ಎಂದು ವಿಚಾರಿಸುತ್ತಿದ್ದರು.

ಸಾವಿನ ಸುದ್ದಿ ಕೇಳಿ ಮೀಯದೆ ಇರುವುದು ಹೇಗೆ? ಸುಬ್ಬರಾಮ ಗುಂಡಣ್ಣನ ಮನೆಯ ಬಚ್ಚಲಲ್ಲಿ ತಲೆಗೆ ನೀರು ಸುರಿದುಕೊಂಡು, ಅಲ್ಲೇ ಬಿಕ್ಕಿಬಿಕ್ಕಿ ಅತ್ತು, ಕೂದಲು ಪೂರ್ತಿ ಒಣಗಿದ ಮೇಲೆಯೇ ಮನೆ ಸೇರಿದ್ದ. ಗುಂಡಣ್ಣನಿಗಂತೂ ಕಾಫಿಯದೇ ಭಯ. ಸೂತಕದ ಮನೆಯಲ್ಲಿ ಬಾಯಿಗೇನೂ ಹಾಕಬಾರದು. ಬೇಡವೆಂದರೆ ಗುಟ್ಟು ರಟ್ಟು. ಏನಾದರಾಗಲಿ, ಕುಡಿದುಬಿಡುವುದೆಂದೇ ಬಂದಿದ್ದ. ಅವನ ಪುಣ್ಯ, ಅಮ್ಮ ಆಟದಲ್ಲೇ ಮುಳುಗಿ ಅಡುಗೆಮನೆಯ ಕಡೆ ಏಳಲೇ ಇಲ್ಲ.

"ಗುಂಡ," ಎಂದರು ಅಶ್ವತ್ಥಮ್ಮ. "ಮಂಜಲ್ಲಿ ಬಚ್ಚಿಟ್ಕೊಂಡವ್ನೆ ಅಂತ ರಾಕ್ಷಸಂಗೆ ಮೊದ್ಲೇ ಗೊತ್ತು ಅಂತಿಟ್ಕೊ. ಗೊತ್ತಿದ್ದೂ ಗೊತ್ತಿಲ್ದಂಗೆ ಕೂತವ್ನೆ. ಆವಾಗ?"

ಗುಂಡಣ್ಣ ಬೆಚ್ಚಿದ. ಪುಸ್ತಕದ ಹಾಳೆ ತಿರುವಿದ. ಓದುವುದಕ್ಕಿಂತ ಮುಖ ಮುಚ್ಚಿಕೊಳ್ಳುವುದೇ ಅವನಿಗೆ ಬೇಕಿತ್ತು.

"ಆವಾಗ ಅದು ಮರೆಯ ಏಟು ಅಲ್ಲಮ್ಮ. ಎದುರಿಗೆ ನಿಂತು ಹೊಡ್ದಂಗೇ ಲೆಕ್ಕ."

"ಏಟು ಬೀಳಾದೇ ಇಲ್ವಾ?"

"ಬೀಳ್ತದೆ. ಆದ್ರೆ ಎರಡರಷ್ಟು ಬೀಳಲ್ಲ."

"ಅಷ್ಟಾದ್ರೂ ವಾಸಿ," ಎಂದು ಅಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಸುಬ್ಬರಾಮ ಅರ್ಧ ಎದ್ದ. ಅವರು ಕೈಸನ್ನೆ ಮಾಡಿ ಕೂರಿಸಿದರು. "ನೀನು ಆಡಪ್ಪ."

ನ್ಯಾಯ ಹೇಳಲೇಬೇಕಿತ್ತು. ರಾಕ್ಷಸನಿಗೆ ಹೆಜ್ಜೆ ಸದ್ದು ಕೇಳಿಸಿದೆ, ಮಂಜೊಂದೇ ಸಾಲದು, ಎಂದ ಗುಂಡಣ್ಣ. ಬೇರೆ ದಿನವಾಗಿದ್ದರೆ ಸುಬ್ಬರಾಮ ಪುಸ್ತಕ ಕಿತ್ತುಕೊಂಡು ಸಂಜೆಯವರೆಗೆ ವಾದಿಸುತ್ತಿದ್ದ. ಇವತ್ತು ಸುಮ್ಮನೆ ದಾಳ ಹಾಕಿದ. ದಾಳ ಚಾಪೆಯ ಮೇಲೆ ಉರುಳಿ ಮೂರಕ್ಕೆ ನಿಂತಿತು. ಏಟು ತಪ್ಪಿತು.

ಇನ್ನು ರಾಕ್ಷಸನ ಸರದಿ. ಗುಂಡಣ್ಣ ಅಂಗೈ ಅಡ್ಡ ಇಟ್ಟುಕೊಂಡು ದಾಳ ಉರುಳಿಸಿ ನೋಡಿದ. ಇಪ್ಪತ್ತು. ನಿಯಮದ ಪ್ರಕಾರ ಕಳ್ಳ ಅಲ್ಲೇ ಹೆಣ. ಪುಸ್ತಕ ಕೈಗೆ ಬಂದಾಗಿನಿಂದ ಒಂದು ಅಂಕಿಯನ್ನೂ ತಿರುಚದ ಗುಂಡಣ್ಣನ ಕಣ್ಣು ತುಂಬಿ ಬಂತು. ಒಂದೇ ಮನೆಯಲ್ಲಿ ಒಬ್ಬನನ್ನೇ ಎರಡು ಸಲ ಸಾಯಿಸುವುದು ಅವನಿಂದಾಗಲಿಲ್ಲ.

"ನಾಲ್ಕು," ಎಂದು ದಾಳ ಎತ್ತಿಕೊಂಡುಬಿಟ್ಟ. "ರಾಕ್ಷಸನ ಕತ್ತಿ ಬಂಡೆಗೆ ಬಡೀತು. ನಾಣಿ ಮಂಜಲ್ಲಿ ಓಡ್ಹೋದ."

"ಬದುಕ್ದನಾ?" ಎಂದರು ಅಮ್ಮ.

"ಬದುಕ್ದ ಕಣಮ್ಮ," ಎಂದು ಸುಬ್ಬರಾಮ ನಕ್ಕ. ಆ ನಗು ಎಷ್ಟು ಚೆನ್ನಾಗಿತ್ತೆಂದರೆ ಗುಂಡಣ್ಣನಿಗೇ ಒಂದು ಕ್ಷಣ ತಂತಿ ಮರೆತುಹೋಯಿತು. ಅಮ್ಮ ಮಗನ ಮುಖವನ್ನೇ ನೋಡುತ್ತ ಕೂತರು.

ಹೊತ್ತು ಇಳಿಯಿತು. ಹೇಗೋ ಒಂದು ದಿನ ದಾಟಿತೆಂದು ಗುಂಡಣ್ಣನ ಎದೆಯ ಭಾರ ಕೊಂಚ ಇಳಿಯಿತು. ಚಪ್ಪಲಿ ಮೆಟ್ಟಿ, ಬೇಕೆಂದೇ ಎಂದಿಗಿಂತ ಗಟ್ಟಿಯಾಗಿ, "ಬತ್ತೀನಮ್ಮ," ಎಂದ.

ಅಶ್ವತ್ಥಮ್ಮ ಗೇಟಿನವರೆಗೂ ಬಂದರು. ಪಡಸಾಲೆಯಲ್ಲಿ ಚಾಪೆ ಸುತ್ತುತ್ತಿದ್ದ ಸುಬ್ಬರಾಮನ ಕಡೆ ಒಮ್ಮೆ ತಿರುಗಿ ನೋಡಿ, ಗುಂಡಣ್ಣನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

"ಬತ್ತೀನಿ ಅನ್ಬಾರ್ದು ಕಣಪ್ಪ ಇವತ್ತು, ಸುಮ್ನೆ ಹೋಗು. ಬೆಳಗ್ಗೆ ಸುಬ್ಬ ಆಚೆ ಹೋಗಿದ್ದಾಗ ಬೇರಿಕೆ ಊರಿನ ಆವುಲಪ್ಪ ಬಂದು ಹೇಳ್ದ, ಅವನ ಮಗಾನೂ ದುಬೈಲೇ ಇರಾದು. ನಾಣಿ ಹೋಗ್ಬುಟ್ಟ. ಸುಬ್ಬಂಗಿನ್ನೂ ಗೊತ್ತಿಲ್ಲ. ಅಪ್ಪ ಇಲ್ದಿರೋ ಮನೇಲಿ ತಮ್ಮನ್ನ ಎತ್ತಿ ಬೆಳೆಸ್ದೋನು, ತಡ್ಕೊಳಲ್ಲ. ನಾಳೆ ನೀನೇ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳ್ಬುಡು. ಇವತ್ತೊಂದಿನ ನಗ್ತಾ ಇರ್ಲಿ."