ಕಾಲೇಜೋ, ಲೀಗೋ

ಹಾಕಿ ಫೈನಲ್‌ನಲ್ಲಿ ಒಂದೂ ಪೆನಾಲ್ಟಿ ಗೋಲಾಗಲು ಬಿಡದ ಗೋಲ್‌ಕೀಪರ್‌ನನ್ನು ಹುಡುಕಿಕೊಂಡು ಮರುದಿನವೇ ಇಬ್ಬರು ಮನೆಗೆ ಬಂದರು. ಒಬ್ಬರು ಕಾಲೇಜಿನ ಕ್ರೀಡಾ ನಿರ್ದೇಶಕರು, ಇನ್ನೊಬ್ಬರು ಜೂನಿಯರ್ ಲೀಗ್ ತಂಡದ ಕೋಚ್. ಹುಡುಗ ಕಂಬಳಿ ಹೊದ್ದು ಹೊರಸಿನ ಮೇಲೆ ಕೂತಿದ್ದ. ಅಪ್ಪ ಗೋಡೆಗೊರಗಿ ಎಲೆಗೆ ಸುಣ್ಣ ಸವರುತ್ತಿದ್ದ.

"ಡಿಗ್ರಿ ಇದ್ರ ನೌಕರಿ ಸಿಗತೈತಿ. ನಾಳೆ ಮೊಣಕಾಲು ಹೋದ್ರ ಲೀಗ್‌ನವ್ರು ತಿರುಗಿ ನೋಡಂಗಿಲ್ಲ," ಎಂದರು ನಿರ್ದೇಶಕರು.

"ಇಂಥಾ ಗೋಲ್‌ಕೀಪರ್‌ನ ಪರೀಕ್ಷಾ ಬರಿಯಾಕ ಕೂಡಿಸೂದು ಪಾಪ ರೀ," ಎಂದರು ಕೋಚ್. "ನಮ್ಮ ಕಡೆ ಬಂದ್ರ ಬರೂ ತಿಂಗಳ ಟರ್ಫ್ ಮ್ಯಾಲೆ ಆಡ್ತಾನ."

ಹುಡುಗ ಕೆಮ್ಮಿದ.

"ಭಾಳ ಸಂಕೋಚದ ಹುಡುಗ. ಕಪ್ ತಗೊಳ್ಳುವಾಗೂ ಹೆಲ್ಮೆಟ್ ತಗೀಲಿಲ್ಲ," ನಿರ್ದೇಶಕರು ಮೆಚ್ಚಿಕೊಂಡರು.

"ಸಂಕೋಚ ಅಲ್ರೀ, ಅದು ಶಿಸ್ತು," ಎಂದರು ಕೋಚ್.

ಅಕ್ಕ ಸ್ವಲ್ಪ ಕುಂಟುತ್ತ ಬಂದು ಚಹಾ ಕೊಟ್ಟಳು.

"ನೀನಾದ್ರೂ ತಮ್ಮಗ ಬುದ್ಧಿ ಹೇಳವ್ವಾ," ಎಂದರು ನಿರ್ದೇಶಕರು. ಅವಳು ಅಪ್ಪನ ಮುಖ ನೋಡಿದಳು.

ಅಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡ. "ಮಾತು ಅಂದ್ರ ಮಾತು, ಹೌದಲ್ರೀ? ನಿನ್ನೆ ಗೋಲಿನಾಗ ನಿಂತವರಿಗೆ ಸೀಟು?"

"ನಿಂತವರಿಗೇ," ಎಂದರು ನಿರ್ದೇಶಕರು.

"ನಮ್ಮದೂ ಅದೇ ಮಾತು," ಎಂದರು ಕೋಚ್.

"ಈ ಹುಡುಗ ಜ್ವರ ಬಂದು ಮಲಗಿ ವಾರ ಆತ್ರಿ," ಎಂದ ಅಪ್ಪ. "ಈಗ ಹೇಳ್ರಿ, ಹುಡುಗ್ಯಾರ ಹಾಸ್ಟೆಲ್ ಯಾರದು ಚಲೋ ಐತಿ?"